ಜಾರ್ಜ್ ಹ್ಯಾರಿಸನ್ನನ ಮರೆತುಹೋದ ಮೊದಲ ತಟ್ಟೆ

‘ವಂಡರ್‌ವಾಲ್’ ಎಂಬ ಪದ ಕಿವಿಗೆ ಬಿದ್ದೊಡನೆ ನನ್ನ ಶಿಷ್ಯರಲ್ಲಿ ಬಹುಮಂದಿಗೆ ನೆನಪಾಗುವುದು 1995ರಲ್ಲಿ ಒಯಾಸಿಸ್ ತಂಡ ಹಾಡಿದ ಹಾಡು. ಕಾಲೇಜು ಹಾಸ್ಟೆಲ್ಲುಗಳಲ್ಲಿ ಗಿಟಾರು ಹಿಡಿದವರೆಲ್ಲ ಒಮ್ಮೆಯಾದರೂ ನುಡಿಸಿ ಪಕ್ಕದ ಕೋಣೆಯವರ ನಿದ್ದೆ ಕೆಡಿಸಿದ ಹಾಡು ಅದು. ಆ ಹೆಸರು ಬಂದದ್ದು ಅದಕ್ಕಿಂತ ಇಪ್ಪತ್ತೇಳು ವರ್ಷ ಹಳೆಯದಾದ ಒಂದು ಆಲ್ಬಮ್ಮಿನಿಂದ ಎಂಬುದನ್ನು ಬಲ್ಲವರು ಕಡಿಮೆ; ಆ ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ಕುಳಿತು ಕೇಳಿದವರು ಇನ್ನೂ ಕಡಿಮೆ. ‘ವಂಡರ್‌ವಾಲ್ ಮ್ಯೂಸಿಕ್’ ಅದರ ಹೆಸರು. ಮಾಡಿದವನು ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್. ಅದರಲ್ಲಿ ಅರ್ಧದಷ್ಟು ಸಂಗೀತ ಮೂಡಿಬಂದದ್ದು ನಮ್ಮ ಮುಂಬಯಿಯಲ್ಲಿ, ನಮ್ಮವರೇ ಆದ ವಾದಕರ ಬೆರಳುಗಳಿಂದ.

ಹ್ಯಾರಿಸನ್ನನ ಮೊದಲ ಸ್ವತಂತ್ರ ಆಲ್ಬಮ್ ಯಾವುದು ಎಂದು ರಸಪ್ರಶ್ನೆಯಲ್ಲಿ ಕೇಳಿದರೆ ಹತ್ತರಲ್ಲಿ ಎಂಟು ಮಂದಿ ‘ಆಲ್ ಥಿಂಗ್ಸ್ ಮಸ್ಟ್ ಪಾಸ್’ ಎನ್ನುತ್ತಾರೆ. ಅದು ಬಂದದ್ದು 1970ರಲ್ಲಿ, ಬೀಟಲ್ಸ್ ಒಡೆದ ಮೇಲೆ. ಎಣಿಸಿದರೆ ಅದು ಮೂರನೆಯದು. ಎರಡನೆಯದು 1969ರ ‘ಎಲೆಕ್ಟ್ರಾನಿಕ್ ಸೌಂಡ್’. ಅದರ ವಿಷಯ ಬಿಡೋಣ. ಹೊಸದಾಗಿ ಕೊಂಡ ಸಿಂಥಸೈಸರಿನ ಗುಂಡಿಗಳನ್ನು ತಿರುಗಿಸಿದ ಸದ್ದು ಅದು, ಎರಡನೆಯ ಸಲ ಕೇಳುವ ಧೈರ್ಯ ನನಗೆ ಬರಲಿಲ್ಲ. ಮೊದಲನೆಯದು ಈ ‘ವಂಡರ್‌ವಾಲ್ ಮ್ಯೂಸಿಕ್’. ಬ್ರಿಟನ್ನಿನಲ್ಲಿ 1968ರ ನವೆಂಬರ್ 1ರಂದು ಹೊರಬಂತು. ಬೀಟಲ್ಸ್ ಕಟ್ಟಿಕೊಂಡ ಆ್ಯಪಲ್ ಸಂಸ್ಥೆಯ ಮೊಟ್ಟಮೊದಲ ಎಲ್‌ಪಿ ತಟ್ಟೆಯೂ ಇದೇ. ಬೀಟಲ್ಸ್ ಸದಸ್ಯನೊಬ್ಬ ತನ್ನೊಬ್ಬನ ಹೆಸರಿನಲ್ಲಿ ತಂದ ಮೊದಲ ಆಲ್ಬಮ್ಮೂ ಇದೇ. (ಪಾಲ್ ಮೆಕಾರ್ಟ್ನಿ 1966ರಲ್ಲಿ ‘ದಿ ಫ್ಯಾಮಿಲಿ ವೇ’ ಚಿತ್ರಕ್ಕೆ ಸ್ವರ ಹಾಕಿದ್ದುಂಟು. ಆದರೆ ಆ ತಟ್ಟೆ ಹೊರಬಂದದ್ದು ಜಾರ್ಜ್ ಮಾರ್ಟಿನ್ ವಾದ್ಯವೃಂದದ ಹೆಸರಿನಲ್ಲಿ.) ಇಷ್ಟೆಲ್ಲ ‘ಮೊದಲು’ಗಳನ್ನು ಹೊತ್ತ ತಟ್ಟೆ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಕಾಣಿಸಿಕೊಳ್ಳಲೇ ಇಲ್ಲ, ಅಮೆರಿಕದಲ್ಲಿ 49ನೆಯ ಸ್ಥಾನಕ್ಕೆ ಹೋಗಿ ನಿಂತಿತು.

ಮುಂದುವರಿಯುವ ಮೊದಲು ಒಂದು ಮಾತು. ಹ್ಯಾರಿಸನ್ನನನ್ನು ನಾನು ಏಕವಚನದಲ್ಲಿ ಕರೆಯುತ್ತಿರುವುದು ಅಗೌರವದಿಂದಲ್ಲ. ಈ ಸಂಗೀತ ಧ್ವನಿಮುದ್ರಣವಾದಾಗ ಆತನಿಗೆ ಇಪ್ಪತ್ತನಾಲ್ಕು ವರ್ಷ. ಮೂವತ್ತಕ್ಕೂ ಹೆಚ್ಚು ವರ್ಷ ಕರಿಹಲಗೆಯ ಮುಂದೆ ನಿಂತವನಿಗೆ ಇಪ್ಪತ್ತನಾಲ್ಕರ ಹುಡುಗ ವಿದ್ಯಾರ್ಥಿಯಾಗಿಯೇ ಕಾಣುತ್ತಾನೆ. ಈ ಆಲ್ಬಮ್ಮಿನ ವಿಷಯದಲ್ಲಂತೂ ಆತ ವಿದ್ಯಾರ್ಥಿಯೇ. ಇದನ್ನು ವಿದ್ಯಾರ್ಥಿಯೊಬ್ಬನ ಅಭ್ಯಾಸ ಪುಸ್ತಕವೆಂದು ಕೈಗೆತ್ತಿಕೊಂಡರೆ ಮಾತ್ರ ಇದರ ಯೋಗ್ಯತೆ ತಿಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ. ರಾಕ್ ಸಂಗೀತದವರು ಇದರಲ್ಲಿ ಹಾಡು ಹುಡುಕಿ ನಿರಾಶರಾದರು; ನಮ್ಮ ಸಂಗೀತದವರು ಇದರಲ್ಲಿ ಕಚೇರಿ ಹುಡುಕಿ ಮೂಗು ಮುರಿದರು. ಇಬ್ಬರೂ ತಮ್ಮ ತಮ್ಮ ಅಳತೆಗೋಲು ಹಿಡಿದು ಬಂದವರು.

ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ‘ವಂಡರ್‌ವಾಲ್’ ಎಂಬುದು ಜೋ ಮ್ಯಾಸೊಟ್ ಎಂಬಾತ ನಿರ್ದೇಶಿಸಿದ ಚಲನಚಿತ್ರ. ಸೂಕ್ಷ್ಮದರ್ಶಕದಲ್ಲೇ ಬದುಕು ಸವೆಸುವ ಒಂಟಿ ವಿಜ್ಞಾನಿಯೊಬ್ಬ ತನ್ನ ಮನೆಯ ಗೋಡೆಯ ರಂಧ್ರದ ಮೂಲಕ ಪಕ್ಕದ ಮನೆಯ ತರುಣಿಯ ವರ್ಣಮಯ ಜೀವನವನ್ನು ಇಣುಕಿ ನೋಡುತ್ತ ನೋಡುತ್ತ ಬುದ್ಧಿ ಕಳೆದುಕೊಳ್ಳುವ ಕಥೆ. ವಿಜ್ಞಾನಿಯಾಗಿ ಐರಿಷ್ ನಟ ಜ್ಯಾಕ್ ಮ್ಯಾಕ್‌ಗೌರನ್, ತರುಣಿಯಾಗಿ ಜೇನ್ ಬರ್ಕಿನ್. ಚಿತ್ರದಲ್ಲಿ ಮಾತು ಬಹಳ ಕಡಿಮೆ, ಆದ್ದರಿಂದ ಸಂಗೀತವೇ ಕಥೆ ಹೇಳಬೇಕು. ಸಿನಿಮಾ ಸಂಗೀತ ಮಾಡಿ ನನಗೆ ಗೊತ್ತಿಲ್ಲ ಎಂದು ಹ್ಯಾರಿಸನ್ ಹಿಂಜರಿದಾಗ, ನೀನು ಏನು ಕೊಟ್ಟರೂ ಅದನ್ನೇ ಬಳಸುತ್ತೇನೆ ಎಂದು ನಿರ್ದೇಶಕ ಭರವಸೆ ಕೊಟ್ಟನಂತೆ. ಹುಡುಗ ಸ್ಟಾಪ್‌ವಾಚ್ ಹಿಡಿದು ಚಿತ್ರದ ಒಂದೊಂದು ದೃಶ್ಯವನ್ನೂ ಅಳೆದು ಬರೆದುಕೊಂಡ: ಇಷ್ಟು ನಿಮಿಷ, ಇಷ್ಟು ಸೆಕೆಂಡು. ನಮ್ಮ ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಲೋಲಕದ ಆವರ್ತಕಾಲ ಅಳೆಯುತ್ತಿದ್ದಿರಲ್ಲ, ಹಾಗೆ. ಆ ಅಳತೆಗೆ ತಕ್ಕಂತೆ ಸಂಗೀತ ಕಟ್ಟಲು ಹೊರಟ. 1967ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಕೆಲಸ ಆರಂಭವಾಯಿತು. ಮರುವರ್ಷದ ಜನವರಿಯಲ್ಲಿ ಆತ ಮುಂಬಯಿಗೆ ಬಂದ.

ಈ ಮುಂಬಯಿಯ ಕೆಲವು ದಿನಗಳ ಬಗ್ಗೆ ಎಷ್ಟು ಓದಿದರೂ ನನಗೆ ತೃಪ್ತಿಯಿಲ್ಲ. ಕೋಟೆ ಪ್ರದೇಶದ ಫಿರೋಜ್‌ಶಾ ಮೆಹ್ತಾ ರಸ್ತೆಯಲ್ಲಿ ಎಚ್‌ಎಂವಿಯ ಸ್ಟುಡಿಯೋ. ನಿಮ್ಮಲ್ಲಿ ಹಿರಿಯರಿಗೆ ಎಚ್‌ಎಂವಿ ಎಂದರೆ ಗ್ರಾಮಫೋನಿನ ಮುಂದೆ ಕುಳಿತ ನಾಯಿಯ ಚಿತ್ರ ನೆನಪಾಗುತ್ತದೆ. ಲಂಡನ್ನಿನಲ್ಲಿ ಆಗಲೇ ನಾಲ್ಕು ಟ್ರ್ಯಾಕುಗಳ ಯಂತ್ರಗಳಲ್ಲಿ ಬೀಟಲ್ಸ್ ಇಂದ್ರಜಾಲ ಮಾಡಿ ಮುಗಿಸಿದ್ದರು; ಮುಂಬಯಿಯಲ್ಲಿದ್ದುದು ಒಂದೇ ಟ್ರ್ಯಾಕಿನ ಯಂತ್ರ. ಹ್ಯಾರಿಸನ್ನನಿಗಾಗಿ ಎರಡು ಟ್ರ್ಯಾಕಿನ ಸ್ಟೀರಿಯೋ ಯಂತ್ರವೊಂದನ್ನು ಕಲ್ಕತ್ತೆಯಿಂದ ರೈಲಿನಲ್ಲಿ ತರಿಸಿದರು. ದೇಶದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ, ಸಾಮಾನಿನ ಡಬ್ಬಿಯಲ್ಲಿ ಕುಲುಕಾಡುತ್ತ ಬಂದ ಆ ಯಂತ್ರವನ್ನು ನೆನೆದರೆ ನನಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ನಮ್ಮ ಶಾಲೆಗೆ ಜಿಲ್ಲಾ ಕೇಂದ್ರದಿಂದ ಬಸ್ಸಿನ ಮೇಲೆ ಪ್ರೊಜೆಕ್ಟರ್ ತರಿಸಿಕೊಂಡವರಿಗೆ ಅದರ ಆತಂಕ ಗೊತ್ತು.

ಸ್ಟುಡಿಯೋದ ಗೋಡೆಗಳು ಹೊರಗಿನ ಸದ್ದನ್ನು ಪೂರ್ತಿ ತಡೆಯುತ್ತಿರಲಿಲ್ಲ. ಬೀದಿಯಲ್ಲಿ ಕಚೇರಿಗಳು ಬಿಡುವ ವೇಳೆಯ ಗದ್ದಲ ಏರಿದರೆ ಧ್ವನಿಮುದ್ರಣ ನಿಲ್ಲಿಸಿ ಕಾಯಬೇಕಿತ್ತು. ಹಾಗೆ ಕಾದರೂ ತಪ್ಪಿಸಿಕೊಂಡು ಒಳಗೆ ನುಗ್ಗಿದ ವಾಹನಗಳ ಸದ್ದು ಇಂದಿಗೂ ಆ ತಟ್ಟೆಯಲ್ಲಿದೆ. ಜಗತ್ತಿನ ಅತ್ಯಂತ ಶ್ರೀಮಂತ ಸಂಗೀತ ತಂಡದ ಸದಸ್ಯ, ಲಂಡನ್ನಿನ ಅತ್ಯುತ್ತಮ ಸ್ಟುಡಿಯೋ ಕೈಯಳತೆಯಲ್ಲಿದ್ದವನು, ಇಂಥ ಕೋಣೆಯಲ್ಲಿ ಕುಳಿತು ಕೆಲಸ ಮಾಡಲು ಸಾವಿರಾರು ಮೈಲಿ ಬಂದ. ಬೇಕಾದ ಪಾಠ ಎಲ್ಲಿ ಸಿಗುತ್ತದೋ ಅಲ್ಲಿಗೆ ನಡೆದುಹೋಗುವ ಹುಡುಗರನ್ನು ನಾನು ನನ್ನ ವೃತ್ತಿಯಲ್ಲಿ ಕಂಡಿದ್ದೇನೆ. ಅಂಥವರ ಸಂಖ್ಯೆ ದೊಡ್ಡದಲ್ಲ.

ಅಲ್ಲಿ ಕುಳಿತು ನುಡಿಸಿದವರು ಯಾರು ಗೊತ್ತೆ? ಸರೋದಿನಲ್ಲಿ ಆಶಿಶ್ ಖಾನ್: ಅಲಿ ಅಕ್ಬರ್ ಖಾನ್ ಅವರ ಮಗ, ಮೈಹರಿನ ಬಾಬಾ ಅಲ್ಲಾವುದ್ದೀನ್ ಖಾನ್ ಅವರ ಮೊಮ್ಮಗ, 2024ರ ನವೆಂಬರಿನಲ್ಲಿ ತೀರಿಕೊಂಡರು. ಸಂತೂರಿನಲ್ಲಿ ಶಿವಕುಮಾರ್ ಶರ್ಮಾ. 2022ರಲ್ಲಿ ಅವರನ್ನೂ ಕಳೆದುಕೊಂಡೆವು. ತಬಲಾ ಮತ್ತು ಪಖಾವಾಜಿನಲ್ಲಿ ಮಹಾಪುರುಷ ಮಿಶ್ರ. ಸಿತಾರಿನಲ್ಲಿ ಶಂಭು ದಾಸ್ ಮತ್ತು ಇಂದ್ರನೀಲ್ ಭಟ್ಟಾಚಾರ್ಯ. ಶಹನಾಯಿಯಲ್ಲಿ ಶರದ್ ಮತ್ತು ಹನುಮಾನ್ ಜಾಧವ್. ಕೊಳಲಿನಲ್ಲಿ ಎಸ್. ಆರ್. ಕೇಂಕರೆ. ಹಾರ್ಮೋನಿಯಂ ಹಾಗೂ ತಬಲಾ ತರಂಗದಲ್ಲಿ ರಿಜ್‌ರಾಮ್ ದೇಸಾದ್. ತಾರ್ ಶಹನಾಯಿಯಲ್ಲಿ ವಿನಾಯಕ್ ವೋರಾ. ಇವರೆಲ್ಲರ ಹೆಸರುಗಳನ್ನೂ ತಟ್ಟೆಯ ಹೊದಿಕೆಯ ಮೇಲೆ ಅಚ್ಚು ಹಾಕಿಸಿದ್ದಾರೆ. ಅಲ್ಲಲ್ಲಿ ಕಾಗುಣಿತ ಎಡವಿದೆ (ಇಂದ್ರನೀಲ್ ಹೋಗಿ ‘ಇಂದ್ರಿಲ್’ ಆಗಿದೆ, ಕೆಂಪು ಮಸಿ ಹಿಡಿದು ತಿದ್ದೋಣವೆನಿಸುತ್ತದೆ), ಆದರೆ ಹೆಸರುಗಳಂತೂ ಇವೆ. ಇದು ಸಣ್ಣ ವಿಷಯವಲ್ಲ. ಒಂದೇ ವರ್ಷ ಹಿಂದೆ, 1967ರಲ್ಲಿ, ಇದೇ ಹ್ಯಾರಿಸನ್ ‘ಸಾರ್ಜೆಂಟ್ ಪೆಪ್ಪರ್’ ಆಲ್ಬಮ್ಮಿಗಾಗಿ ‘ವಿದಿನ್ ಯೂ ವಿದೌಟ್ ಯೂ’ ಹಾಡನ್ನು ಲಂಡನ್ನಿನ ಭಾರತೀಯ ವಾದಕರೊಂದಿಗೆ ಮಾಡಿದಾಗ ಆ ವಾದಕರ ಹೆಸರುಗಳು ಹೊದಿಕೆಯಲ್ಲಿ ಇರಲಿಲ್ಲ. ನಮ್ಮ ದೇಶದಲ್ಲೇನು? ಹಿಂದಿಯಿರಲಿ ಕನ್ನಡವಿರಲಿ, ಆ ಕಾಲದ ಚಿತ್ರಗೀತೆಗಳ ತಟ್ಟೆ ತೆಗೆದು ನೋಡಿ: ಗಾಯಕರು, ಸಂಗೀತ ನಿರ್ದೇಶಕರು, ಸಾಹಿತಿ. ನಾವು ದಿನವೂ ಗುನುಗುವ ಹಾಡಿನ ಆ ಕೊಳಲು ಯಾರದು, ಆ ಪಿಟೀಲು ಯಾರದು, ಯಾರೂ ಬರೆದಿಡಲಿಲ್ಲ.

ಇನ್ನು ಸಂಗೀತ. ಹತ್ತೊಂಬತ್ತು ತುಣುಕುಗಳಿವೆ. ಹ್ಯಾರಿಸನ್ ಹಾಡಿರುವ ಹಾಡು ಒಂದೂ ಇಲ್ಲ. ಆರಂಭದ ‘ಮೈಕ್ರೋಬ್ಸ್’, ಅಂದರೆ ಸೂಕ್ಷ್ಮಜೀವಿಗಳು. ವಿಜ್ಞಾನದ ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆಯ ಶೀರ್ಷಿಕೆ ಬೇಕೆ! ಶಹನಾಯಿಗಳು ವಿಲಂಬದಲ್ಲಿ ಎದ್ದು, ಸಂಜೆಯ ಹೊತ್ತು ದೂರದ ದೇವಸ್ಥಾನದಿಂದ ಗಾಳಿಯಲ್ಲಿ ತೇಲಿಬಂದಂತೆ ಕೇಳುತ್ತವೆ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ ಒಬ್ಬಂಟಿ ಮನುಷ್ಯನಿಗೆ ಶಹನಾಯಿಯ ದುಃಖವನ್ನು ಜೋಡಿಸಬಹುದೆಂದು ಆ ಹುಡುಗನಿಗೆ ಹೇಗೆ ಹೊಳೆಯಿತೋ. ನಮ್ಮಲ್ಲಿ ಶಹನಾಯಿ ಎಂದರೆ ಮದುವೆ ಮನೆ. ಅದರ ಒಳಗೊಂದು ಅಳು ಇದೆಯೆಂಬುದನ್ನು ಹೆಣ್ಣು ಒಪ್ಪಿಸಿಕೊಡುವ ಹೊತ್ತಿನಲ್ಲಿ ಮಾತ್ರ ನಾವು ಒಪ್ಪಿಕೊಳ್ಳುತ್ತೇವೆ.

‘ಕ್ರೈಯಿಂಗ್’ ಎಂಬ ತುಣುಕು ಒಂದೂವರೆ ನಿಮಿಷವೂ ಇಲ್ಲ. ಅದರಲ್ಲಿ ಕೇಳುವುದು ವಿನಾಯಕ್ ವೋರಾ ಅವರ ತಾರ್ ಶಹನಾಯಿ. ಹೆಸರು ಕೇಳಿ ಊದುವ ವಾದ್ಯವೆಂದುಕೊಳ್ಳಬೇಡಿ. ಇದು ಕಮಾನಿನಿಂದ ನುಡಿಸುವ ಎಸ್ರಾಜಿನಂಥ ತಂತಿವಾದ್ಯ. ಹಳೆಯ ಗ್ರಾಮಫೋನಿನಲ್ಲಿ ಮುಳ್ಳಿನ ಕಂಪನವನ್ನು ಒಂದು ತೆಳು ಪೊರೆ ಗ್ರಹಿಸಿ ಕಹಳೆಯ ಮೂಲಕ ದೊಡ್ಡದು ಮಾಡುತ್ತಿತ್ತಲ್ಲ, ಅಂಥದೇ ಒಂದು ಪೊರೆ ಮತ್ತು ಕಹಳೆಯನ್ನು ಇದಕ್ಕೆ ಜೋಡಿಸಿರುತ್ತಾರೆ. ತಂತಿಯ ಸದ್ದು ಆ ಕಹಳೆಯಿಂದ ಹೊರಬರುವಾಗ ಶಹನಾಯಿಯಂತೆ ಕೇಳುತ್ತದೆ, ಆದ್ದರಿಂದ ಆ ಹೆಸರು. ಒಂಬತ್ತನೆಯ ತರಗತಿಯ ಶಬ್ದದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

‘ಗತ್ ಕಿರವಾನಿ’ಯ ಬಳಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಕಿರವಾನಿ ಎಂದರೆ ನಮ್ಮ ಕೀರವಾಣಿಯೇ, ಇಪ್ಪತ್ತೊಂದನೆಯ ಮೇಳಕರ್ತ. ದಕ್ಷಿಣದಿಂದ ಉತ್ತರಕ್ಕೆ ಹೋಗಿ ಹಿಂದೂಸ್ತಾನಿ ಸಂಗೀತದಲ್ಲಿ ಮನೆ ಮಾಡಿಕೊಂಡ ರಾಗ. ಅದರಲ್ಲೂ ರವಿಶಂಕರ್, ಅಲಿ ಅಕ್ಬರ್ ಖಾನ್ ಅವರಂಥ ವಾದಕರ ಕೈಯಲ್ಲಿ ಅದು ಬೆಳೆಯಿತು. ಚತುಶ್ರುತಿ ರಿಷಭ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಶುದ್ಧ ಧೈವತ, ಕಾಕಲಿ ನಿಷಾದ: ಈ ಸ್ವರಗಳನ್ನು ಪಿಯಾನೋದ ಮೇಲೆ ಒತ್ತಿ ನೋಡಿದರೆ ಪಾಶ್ಚಾತ್ಯರು ‘ಹಾರ್ಮೋನಿಕ್ ಮೈನರ್’ ಎಂದು ಕರೆಯುವ ಸ್ವರಶ್ರೇಣಿಯೇ ಆಗುತ್ತದೆ. ಲಿವರ್‌ಪೂಲಿನಲ್ಲಿ ಹುಟ್ಟಿದವನ ಕಿವಿಗೂ ಮೈಸೂರಿನಲ್ಲಿ ಹುಟ್ಟಿದವರ ಕಿವಿಗೂ ಸಮಾನವಾಗಿ ಸಲ್ಲುವ ರಾಗವಿದು. ತಟ್ಟೆಯಲ್ಲಿ ಇದಕ್ಕೆ ಮೊದಲು ‘ಸ್ಕೀಯಿಂಗ್’ ಎಂಬ ತುಣುಕು ಬರುತ್ತದೆ. ಎರಿಕ್ ಕ್ಲಾಪ್ಟನ್, ‘ಎಡ್ಡಿ ಕ್ಲೇಟನ್’ ಎಂಬ ಮಾರುಹೆಸರಿನಲ್ಲಿ, ತಂಬೂರಿಯ ನಾದದ ಮೇಲೆ ವಿದ್ಯುತ್ ಗಿಟಾರಿನಲ್ಲಿ ಗರಗಸ ಎಳೆದಂತೆ ನುಡಿಸುತ್ತಾನೆ. ಅದು ನಿಲ್ಲದೆ ನೇರವಾಗಿ ಕೀರವಾಣಿಯೊಳಕ್ಕೆ ಜಾರುತ್ತದೆ. ಸರೋದು, ಸಿತಾರು, ತಬಲಾ ದ್ರುತದಲ್ಲಿ ಓಡತೊಡಗುತ್ತವೆ. ಗಿಟಾರಿನ ಲೋಕದಿಂದ ಸರೋದಿನ ಲೋಕಕ್ಕೆ ದಾಟುವ ಆ ಕ್ಷಣದಲ್ಲಿ ಹೊಲಿಗೆ ಕಾಣಿಸುವುದಿಲ್ಲ. ಮುಂದೆ ದಶಕಗಳ ಕಾಲ ‘ಫ್ಯೂಷನ್’ ಎಂಬ ಹೆಸರಿನಲ್ಲಿ ವೇದಿಕೆಗಳ ಮೇಲೆ ನಡೆದ ಎಷ್ಟೋ ಗದ್ದಲಗಳನ್ನು ಈ ಮೂರು ನಾಲ್ಕು ನಿಮಿಷಗಳ ಪಕ್ಕದಲ್ಲಿಟ್ಟು ನೋಡಿ.

ಹಾಗೆಯೇ ‘ಲವ್ ಸೀನ್’. ಆಶಿಶ್ ಖಾನ್ ಒಮ್ಮೆ ಸರೋದು ನುಡಿಸಿ, ಅದನ್ನೇ ಕೇಳಿಕೊಂಡು ಅದರ ಮೇಲೆ ಮತ್ತೊಮ್ಮೆ ನುಡಿಸಿದ್ದಾರೆ. ತನ್ನ ಪ್ರಶ್ನೆಗೆ ತಾನೇ ಉತ್ತರ ಕೊಟ್ಟಂತೆ. ನಮ್ಮ ಜುಗಲ್ಬಂದಿಗೆ ಇಬ್ಬರು ಬೇಕು. ಒಬ್ಬರೇ ಇಬ್ಬರಾಗುವ ಈ ತಂತ್ರವನ್ನು ಅವರಿಗೆ ಪರಿಚಯಿಸಿದವನು ಹ್ಯಾರಿಸನ್. ಕಲಿಕೆ ಒಂದೇ ದಿಕ್ಕಿನಲ್ಲಿ ಹರಿಯಲಿಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ. ‘ಡ್ರೀಮ್ ಸೀನ್’ ಐದು ನಿಮಿಷಕ್ಕೂ ಮೀರಿದ ವಿಚಿತ್ರ ಕಲಸುಮೇಲೋಗರ: ಹಿಂದುಮುಂದಾಗಿ ಓಡುವ ಸುರುಳಿಗಳು, ನಮ್ಮ ದೇಶದ ಗಾಯನದ ತುಣುಕುಗಳು, ಎಲ್ಲೋ ಕೂಗುವ ಸೈರನ್. ಜಾನ್ ಲೆನನ್ನನ ‘ರೆವಲ್ಯೂಷನ್ 9’ ಇಂಥದೇ ಸಾಹಸಕ್ಕೆ ಹೆಸರಾಯಿತು. ಅದಕ್ಕಿಂತ ಹಲವು ತಿಂಗಳು ಮೊದಲೇ ಇದು ಸಿದ್ಧವಾಗಿತ್ತು. ನನಗಂತೂ ಎರಡೂ ತಲೆನೋವು ತರಿಸುತ್ತವೆ, ಆದರೆ ಮೊದಲು ಮಾಡಿದವನ ಲೆಕ್ಕಕ್ಕೆ ಅಂಕ ಹಾಕಲೇಬೇಕಲ್ಲ.

ಇಷ್ಟು ಹೇಳಿದ ಮೇಲೆ ಕೊರತೆಗಳನ್ನೂ ಹೇಳಬೇಕು. ಲಂಡನ್ನಿನಲ್ಲಿ ಮಾಡಿದ ತುಣುಕುಗಳಲ್ಲಿ ಕೆಲವು ಬರಿಯ ತುಂಬುಸಾಮಾನು. ‘ಕೌಬಾಯ್ ಮ್ಯೂಸಿಕ್’, ‘ಡ್ರಿಲ್ಲಿಂಗ್ ಎ ಹೋಮ್’ ಇವೆಲ್ಲ ಚಿತ್ರದೊಂದಿಗೆ ನೋಡಿದರೆ ಸರಿಯೇನೋ. ಬಿಡಿಯಾಗಿ ಕೇಳಿದರೆ ಹಳೆಯ ಹೋಟೆಲಿನ ಮೂಲೆಯ ಪಿಯಾನೋದಂತಿವೆ. ಇನ್ನೊಂದು ದೂರು ಗಂಭೀರವಾದದ್ದು. ರಾಗ ಬಿಚ್ಚಿಕೊಳ್ಳಲು ಸಮಯ ಬೇಕು. ಸ್ಟಾಪ್‌ವಾಚಿನ ಅಳತೆಗೆ ಕತ್ತರಿಸಿದರೆ ಅದು ಮೊಗ್ಗಿನಲ್ಲೇ ಉಳಿಯುತ್ತದೆ. ಆಶಿಶ್ ಖಾನ್ ಅವರಂಥ ವಾದಕರನ್ನು ಕೂರಿಸಿಕೊಂಡು ಒಂದು ನಿಮಿಷದ ಕೀರವಾಣಿ ನುಡಿಸಿರಿ ಎನ್ನುವುದು, ದೊಡ್ಡ ಬಾಣಸಿಗನನ್ನು ಕರೆಸಿ ಒಂದೇ ಒಂದು ಚಮಚ ಪಾಯಸ ಮಾಡಿಸಿದಂತೆ.

ಮೂರನೆಯ ದೂರು ನನ್ನನ್ನು ನಿಜವಾಗಿ ಕಾಡುವಂಥದು. ಹತ್ತೊಂಬತ್ತು ತುಣುಕುಗಳಿಗೂ ರಚನೆಕಾರನೆಂದು ಇರುವುದು ಒಂದೇ ಹೆಸರು: ಜಾರ್ಜ್ ಹ್ಯಾರಿಸನ್. ‘ತಬಲಾ ಅಂಡ್ ಪಖಾವಾಜ್’ ಎಂಬ ತುಣುಕಿನಲ್ಲಿ ಇರುವುದು ಮಹಾಪುರುಷ ಮಿಶ್ರರ ಕೈಗಳು. ಆ ಬೋಲುಗಳನ್ನು ಲಿವರ್‌ಪೂಲಿನ ಹುಡುಗ ರಚಿಸಿದನೆಂದರೆ ಯಾರು ನಂಬುತ್ತಾರೆ? ವಿದೇಶದಲ್ಲಿರುವ ನನ್ನ ಶಿಷ್ಯನೊಬ್ಬ ದೂರವಾಣಿಯಲ್ಲಿ ಮಾತನಾಡುತ್ತ ಇದೇ ಪ್ರಶ್ನೆ ಎತ್ತಿದ. “ಸಾರ್, ಇದು ಕಳ್ಳತನ ಅಲ್ವಾ? ಅವರು ನುಡಿಸಿದ್ದು, ಇವನು ಹೆಸರು ಹಾಕಿಕೊಂಡದ್ದು,” ಎಂದ. ಅವನ ಕೋಪ ನನಗೆ ಅರ್ಥವಾಗುತ್ತದೆ. ರಚನೆಯ ಹೆಸರು ಎಂದರೆ ಬರಿಯ ಗೌರವವಲ್ಲ, ಅದರ ಹಿಂದೆ ಹಣವಿದೆ. ನುಡಿಸಿದವರ ಹೆಸರನ್ನು ಹೊದಿಕೆಯ ಮೇಲೆ ಅಚ್ಚು ಹಾಕಿಸುವ ದೊಡ್ಡತನ ಇದ್ದವನಿಗೆ ರಚನೆಯಲ್ಲೂ ಅವರಿಗೆ ಪಾಲಿದೆಯೆಂದು ತೋರಬೇಕಿತ್ತು. ಮನೋಧರ್ಮದಲ್ಲಿ ಹುಟ್ಟಿದ ಸಂಗೀತವನ್ನು ಕಾಗದದ ಮೇಲೆ ಒಬ್ಬನ ಹೆಸರಿಗೆ ಬರೆದುಕೊಳ್ಳುವ ಕಾನೂನು ನಮ್ಮ ಸಂಗೀತದ ಮಟ್ಟಿಗೆ ಯಾವಾಗಲೂ ಅನ್ಯಾಯವನ್ನೇ ಮಾಡಿದೆ. ಆ ಮಟ್ಟಿಗೆ ಶಿಷ್ಯನ ಮಾತನ್ನು ನಾನು ಒಪ್ಪಿದೆ.

ಆದರೆ ‘ಕಳ್ಳತನ’ ಎಂಬ ಪದವನ್ನು ಒಪ್ಪಲಾರೆ. ಕದಿಯುವವನು ಮನೆಯವರ ಕಣ್ಣು ತಪ್ಪಿಸಿ ಬರುತ್ತಾನೆ. ಈತ 1966ರ ಸೆಪ್ಟೆಂಬರಿನಲ್ಲಿ ರವಿಶಂಕರ್ ಅವರ ಬಳಿ ಸಿತಾರು ಕಲಿಯಲೆಂದೇ ಮುಂಬಯಿಗೆ ಬಂದು, ಅಭಿಮಾನಿಗಳ ಕಾಟ ತಾಳಲಾರದೆ ಕಾಶ್ಮೀರದ ದೋಣಿಮನೆಗೆ ಹೋಗಿ ಅಭ್ಯಾಸ ಮಾಡಿದವನು. ಅದಕ್ಕೂ ಮೊದಲು ಇಂಗ್ಲೆಂಡಿನಲ್ಲಿ ಪಾಠ ನಡೆಯುವಾಗ ದೂರವಾಣಿ ಬಾರಿಸಿತೆಂದು ಸಿತಾರನ್ನು ದಾಟಿಕೊಂಡು ಹೋಗಲು ಹೊರಟು, ಗುರುಗಳಿಂದ ಕಾಲಿಗೆ ಪೆಟ್ಟು ತಿಂದವನು. ವಾದ್ಯವನ್ನು ದಾಟಬಾರದು ಎಂದು ನಮ್ಮ ಮನೆಯ ಮಕ್ಕಳಿಗೆ ಮೂರನೆಯ ವರ್ಷದಲ್ಲಿ ಗೊತ್ತಾಗುವುದನ್ನು ಆತ ಜಗತ್ಪ್ರಸಿದ್ಧನಾದ ಮೇಲೆ ಪೆಟ್ಟು ತಿಂದು ಕಲಿತ. ಮುನಿಸಿಕೊಳ್ಳದೆ ಆ ಪ್ರಸಂಗವನ್ನು ತಾನೇ ಎಲ್ಲರಿಗೂ ಹೇಳಿಕೊಂಡ. ಅಷ್ಟು ಸಾಕು ನನಗೆ.

ಇದಕ್ಕೆ ಪೂರ್ತಿ ಎದುರಾದ ಮಾತನ್ನು ನಮ್ಮ ಬಂಧುವರ್ಗದಲ್ಲಿ ಸಂಗೀತ ಬಲ್ಲ ಹಿರಿಯರೊಬ್ಬರು ಆಡಿದ್ದರು. ಈ ಆಲ್ಬಮ್ಮಿನ ಸಿ.ಡಿ.ಯನ್ನು ನಾನು ಅವರಿಗೆ ಕೇಳಿಸಿದಾಗ ಎರಡು ತುಣುಕು ಮುಗಿಯುವ ಮೊದಲೇ, “ಏನಪ್ಪಾ ಇದು, ಸಂಗೀತವೋ ಸಂತೆಯೋ?” ಎಂದು ಎದ್ದುಬಿಟ್ಟರು. ನುಡಿಸಿದವರ ಹೆಸರು ಹೇಳಿದೆ. “ಅವರಾದರೂ ದುಡ್ಡಿಗೆ ಹೋಗಿ ನುಡಿಸಿರಬೇಕು,” ಎಂದರು. ಶಿಷ್ಯನಿಗೆ ಹ್ಯಾರಿಸನ್ ಕಳ್ಳನಂತೆ, ಹಿರಿಯರಿಗೆ ಹರಕುಮುರುಕು ಕಲಿತವನಂತೆ. ಶಿವಕುಮಾರ್ ಶರ್ಮಾ ಅವರು ಹರಿಪ್ರಸಾದ್ ಚೌರಾಸಿಯಾ, ಬ್ರಿಜ್‌ಭೂಷಣ್ ಕಾಬ್ರಾ ಅವರೊಂದಿಗೆ ಎಚ್‌ಎಂವಿಗಾಗಿಯೇ ನುಡಿಸಿದ 1967ರ ‘ಕಾಲ್ ಆಫ್ ದಿ ವ್ಯಾಲಿ’ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇದೆ. ಆ ಹಿರಿಯರ ಮನೆಯಲ್ಲೂ ಇದ್ದೇ ಇತ್ತು. ಅದೇ ಸಂತೂರು ಮರುವರ್ಷ ಬೇರೊಂದು ಹೊದಿಕೆಯಲ್ಲಿ ಬಂದಾಗ ನಾವು ತಿರುಗಿ ನೋಡಲಿಲ್ಲ. ಕಲಿಯಲು ಬಂದವನು ಪರಕೀಯನಾದರೆ ಅವನ ಅರೆಕಲಿಕೆ ನಮಗೆ ಹಾಸ್ಯ. ನಮ್ಮ ಮಕ್ಕಳು ಗಿಟಾರಿನಲ್ಲಿ ನಾಲ್ಕು ಕಾರ್ಡು ಕಲಿತು ಬಂದರೆ ಮಾತ್ರ ನೆಂಟರಿಗೆಲ್ಲ ಕರೆದು ಕೇಳಿಸುತ್ತೇವೆ.

ಮರೆವಿಗೆ ಇನ್ನೂ ಕಾರಣಗಳಿವೆ. ಚಿತ್ರ 1968ರ ಮೇ ತಿಂಗಳಲ್ಲಿ ಕಾನ್ ಉತ್ಸವದಲ್ಲಿ ಪ್ರದರ್ಶನಗೊಂಡಿತು, ಆದರೆ ಜನರನ್ನು ಹೆಚ್ಚಾಗಿ ತಲುಪಲಿಲ್ಲ. ಚಿತ್ರವೇ ಇಲ್ಲದ ಮೇಲೆ ಹಿನ್ನೆಲೆ ಸಂಗೀತವನ್ನು ಕೇಳುವವರು ಯಾರು? ಆಲ್ಬಮ್ ಹೊರಬಂದ ಮೂರು ವಾರಕ್ಕೆ, ನವೆಂಬರ್ 22ರಂದು, ಬೀಟಲ್ಸ್ ತಂಡದ್ದೇ ಬಿಳಿ ಹೊದಿಕೆಯ ಜೋಡಿ ತಟ್ಟೆ ಬಂದು ಅಂಗಡಿಗಳನ್ನೆಲ್ಲ ಆಕ್ರಮಿಸಿತು. ಅದಾಗಿ ಒಂದು ವಾರಕ್ಕೆ ಜಾನ್ ಲೆನನ್ ಮತ್ತು ಯೋಕೋ ಓನೋ ಬೆತ್ತಲೆ ನಿಂತ ಹೊದಿಕೆಯ ಆಲ್ಬಮ್ ಬಂತು. ಪತ್ರಿಕೆಗಳಿಗೆ ಬೇರೆ ಸುದ್ದಿಯೇ ಬೇಡವಾಯಿತು. ಎರಡು ಬಿರುಗಾಳಿಗಳ ಮುಂದೆ ಹಚ್ಚಿಟ್ಟ ಹಣತೆಯ ಪಾಡು ಇದರದಾಯಿತು.

ಎಲ್ಲಕ್ಕಿಂತ ದೊಡ್ಡ ಕಾರಣ ರಿಷಿಕೇಶ. ಮುಂಬಯಿಯ ಸ್ಟುಡಿಯೋದಿಂದ ಹ್ಯಾರಿಸನ್ ಹಿಂತಿರುಗಿದ ಮರುತಿಂಗಳೇ, 1968ರ ಫೆಬ್ರವರಿಯಲ್ಲಿ, ಬೀಟಲ್ಸ್ ನಾಲ್ವರೂ ಮಹರ್ಷಿ ಮಹೇಶ ಯೋಗಿಯವರ ಆಶ್ರಮಕ್ಕೆ ಬಂದರು. ಹಾರ, ಕುಂಕುಮ, ಗಂಗೆಯ ದಂಡೆ. ಲೋಕದ ಕ್ಯಾಮೆರಾಗಳೆಲ್ಲ ಅಲ್ಲಿ. ಬೀಟಲ್ಸ್ ಮತ್ತು ಭಾರತ ಎಂದರೆ ಇಂದಿಗೂ ಆ ಛಾಯಾಚಿತ್ರಗಳೇ. ಆಶ್ರಮದ ವಿಷಯ ಸ್ವಲ್ಪ ಸಮಯದಲ್ಲೇ ಕಹಿಯಾಗಿ ಮುಗಿಯಿತು. ಅದಕ್ಕಿಂತ ಒಂದು ತಿಂಗಳು ಮೊದಲು ಟ್ಯಾಕ್ಸಿಗಳ ಸದ್ದಿನ ನಡುವೆ ಹನ್ನೆರಡು ಮಂದಿ ವಾದಕರು ಮತ್ತೊಬ್ಬ ಇಪ್ಪತ್ತನಾಲ್ಕರ ಹುಡುಗ ಶ್ರದ್ಧೆಯಿಂದ ಮಾಡಿದ ಕೆಲಸಕ್ಕೆ ಹಾಗೆ ನೆನಪಿಡುವ ಒಂದು ಚಿತ್ರವೂ ಸಿಗಲಿಲ್ಲ. ಅದೇ ಮುಂಬಯಿಯ ದಿನಗಳಲ್ಲಿ ಒಂದು ಹಾಡಿನ ವಾದ್ಯಭಾಗವೂ ಸಿದ್ಧವಾಯಿತು. ಕೊಳಲಿನಲ್ಲಿ ಹರಿಪ್ರಸಾದ್ ಚೌರಾಸಿಯಾ. ಹ್ಯಾರಿಸನ್ ಲಂಡನ್ನಿನಲ್ಲಿ ಅದಕ್ಕೆ ತನ್ನ ದನಿ ಸೇರಿಸಿದ. ‘ದಿ ಇನ್ನರ್ ಲೈಟ್’ ಎಂಬ ಹೆಸರಿನಲ್ಲಿ ಅದು ಮಾರ್ಚಿಯಲ್ಲಿ ‘ಲೇಡಿ ಮಡೊನ್ನಾ’ದ ಹಿಂಬದಿಯಲ್ಲಿ ಬಂತು. ಲಾವೋ ತ್ಸುವಿನ ಮಾತುಗಳನ್ನು ಹಾಡು ಮಾಡೆಂದು ಸೂಚಿಸಿದವರು ಕೇಂಬ್ರಿಜ್ಜಿನ ಸಂಸ್ಕೃತ ಅಧ್ಯಾಪಕ, ಭಗವದ್ಗೀತೆಯನ್ನು ಇಂಗ್ಲಿಷಿಗೆ ತಂದ ಹುವಾನ್ ಮಸ್ಕಾರೋ. ಆ ಹಾಡನ್ನು ಬಲ್ಲವರು ಬಹಳ. ದನಿಯೊಂದು ಸೇರಿದ್ದಕ್ಕೇ ಅದು ಉಳಿಯಿತು. ದನಿಯಿಲ್ಲದ ಹತ್ತೊಂಬತ್ತು ತುಣುಕುಗಳು ಮೂಲೆ ಸೇರಿದವು.

ಅದೇ ವರ್ಷದ ಜೂನ್ ತಿಂಗಳಲ್ಲಿ ಮತ್ತೊಂದು ಸಂಗತಿ ನಡೆಯಿತು. ರವಿಶಂಕರ್ ಅವರ ಬಗೆಗಿನ ‘ರಾಗ’ ಚಿತ್ರಕ್ಕಾಗಿ ಹ್ಯಾರಿಸನ್ ಕ್ಯಾಲಿಫೋರ್ನಿಯಾದಲ್ಲಿ ಗುರುಗಳೊಂದಿಗೆ ಸಿತಾರು ಹಿಡಿದು ಕುಳಿತ. ಹಿಂತಿರುಗುವ ದಾರಿಯಲ್ಲಿ ನ್ಯೂಯಾರ್ಕಿನಲ್ಲಿ ಯೋಚಿಸಿ, ತಾನು ಇನ್ನು ದೊಡ್ಡ ಸಿತಾರು ವಾದಕನಾಗಲಾರೆ, ಅದಕ್ಕೆ ಎಷ್ಟೋ ವರ್ಷ ಮೊದಲೇ ಆರಂಭಿಸಬೇಕಿತ್ತು ಎಂದು ತೀರ್ಮಾನಿಸಿ ಗಿಟಾರಿಗೆ ಮರಳಿದ. ಹಾಗಾಗಿ ನವೆಂಬರಿನಲ್ಲಿ ಈ ತಟ್ಟೆ ಅಂಗಡಿಗೆ ಬರುವ ಹೊತ್ತಿಗೆ ಅದನ್ನು ಮಾಡಿದವನು ಆ ತರಗತಿಯಿಂದ ಹೊರಗೆ ನಡೆದಾಗಿತ್ತು. ಬೋಧಕನಾಗಿ ನನಗೆ ಇದು ಬಹಳ ಮುಖ್ಯವಾಗಿ ತೋರುತ್ತದೆ. ಹತ್ತನೆಯ ತರಗತಿಯ ನಂತರ ವಿಜ್ಞಾನ ಬಿಟ್ಟು ಬೇರೆ ದಾರಿ ಹಿಡಿದ ಮಕ್ಕಳ ಬಗ್ಗೆ “ನಾಲ್ಕು ದಿನದ ಹುಚ್ಚು, ಇಳಿಯಿತು” ಎಂದು ಸಹೋದ್ಯೋಗಿಗಳು ಆಡುವುದನ್ನು ಕೇಳಿದ್ದೇನೆ. ಹ್ಯಾರಿಸನ್ನನ ವಿಷಯದಲ್ಲೂ ಹಾಗೆಯೇ ಅಂದರು. ತನ್ನ ಮಿತಿಯನ್ನು ಗುರುತಿಸಿ ವಾದ್ಯ ಕೆಳಗಿಡುವುದಕ್ಕೆ ಆ ವಾದ್ಯವನ್ನು ನಿಜವಾಗಿ ಅರಿತಿರಬೇಕು; ಹುಚ್ಚಿಗೆ ಹಿಡಿದವನಾದರೆ ಇನ್ನೂ ಹತ್ತು ವರ್ಷ ವೇದಿಕೆಯ ಮೇಲೆ ಸಿತಾರು ಹಿಡಿದು ಚಪ್ಪಾಳೆ ಗಿಟ್ಟಿಸುತ್ತಿದ್ದ. ಕೇಳುವವರಿಗಂತೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ಸಿತಾರು ಬಿಟ್ಟವನು ಗುರುವನ್ನು ಬಿಡಲಿಲ್ಲ ಎಂಬುದನ್ನೂ ಇದರ ಜೊತೆಗೇ ಓದಬೇಕು. ರವಿಶಂಕರ್ ಕೇಳಿದರೆಂದು 1971ರ ಆಗಸ್ಟ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಕಾರ್ಯಕ್ರಮ ನಡೆಸಿದ. 1974ರಲ್ಲಿ ‘ಮ್ಯೂಸಿಕ್ ಫೆಸ್ಟಿವಲ್ ಫ್ರಮ್ ಇಂಡಿಯಾ’ ಎಂಬ ಹೆಸರಿನಲ್ಲಿ ದೊಡ್ಡ ತಂಡವನ್ನೇ ಯೂರೋಪಿಗೆ ಕರೆಸಿಕೊಂಡ. ಮುಂಬಯಿಯ ಆ ಕೋಣೆಯಲ್ಲಿದ್ದ ಶಿವಕುಮಾರ್ ಶರ್ಮಾ, ರಿಜ್‌ರಾಮ್ ದೇಸಾದ್ ಆ ತಂಡದಲ್ಲೂ ಇದ್ದರು. ಕೊನೆಗೆ 1997ರಲ್ಲಿ ವೇದಮಂತ್ರಗಳ ‘ಚಾಂಟ್ಸ್ ಆಫ್ ಇಂಡಿಯಾ’ವನ್ನು ರವಿಶಂಕರ್ ಅವರಿಗಾಗಿ ನಿರ್ಮಿಸಿಕೊಟ್ಟ. 2001ರ ನವೆಂಬರ್ 29ರಂದು ಆತ ತೀರಿಕೊಂಡಾಗ ವಯಸ್ಸು ಐವತ್ತೆಂಟು. ಗುರುಗಳು ಇನ್ನೂ ಹನ್ನೊಂದು ವರ್ಷ ಬದುಕಿದ್ದರು. ‘ವಂಡರ್‌ವಾಲ್ ಮ್ಯೂಸಿಕ್’ನಲ್ಲಿ ‘ಗುರು ವಂದನಾ’ ಎಂಬ ಪುಟ್ಟ ತುಣುಕೊಂದಿದೆ. ಒಂದು ನಿಮಿಷ ಚಿಲ್ಲರೆ. ಅದನ್ನು ಕೇಳುವಾಗ ಈ ಮೂವತ್ತು ವರ್ಷಗಳೂ ನೆನಪಾಗುತ್ತವೆ.

ಆಲ್ಬಮ್ಮಿನ ಹೊದಿಕೆಯ ಚಿತ್ರದ ಬಗ್ಗೆ ಒಂದು ಸಣ್ಣ ಸಂಗತಿ. ಬಾಬ್ ಗಿಲ್ ಎಂಬ ಕಲಾವಿದ ಬರೆದದ್ದು. ನಡುವೆ ಕೆಂಪಿಟ್ಟಿಗೆಯ ಗೋಡೆ. ಒಂದು ಬದಿಗೆ ಟೋಪಿ, ಕರಿ ಕೋಟಿನ ಇಂಗ್ಲಿಷ್ ಮನುಷ್ಯ; ಇನ್ನೊಂದು ಬದಿಗೆ ಸ್ನಾನ ಮಾಡುತ್ತಿರುವ ಭಾರತದ ಹೆಣ್ಣುಮಕ್ಕಳು. ಚಿತ್ರ ನೋಡಿದ ಹ್ಯಾರಿಸನ್, ಗೋಡೆಯಿಂದ ಒಂದು ಇಟ್ಟಿಗೆ ತೆಗೆಯಿರಿ, ಆ ಮನುಷ್ಯನಿಗೂ ಒಂದು ಅವಕಾಶ ಇರಲಿ ಎಂಬರ್ಥದಲ್ಲಿ ಕೇಳಿಕೊಂಡನಂತೆ. ಅದರಂತೆ ತಿದ್ದಿದರು. ಸಿ.ಡಿ.ಯ ಪುಟ್ಟ ಹೊದಿಕೆಯಲ್ಲಿ ಆ ಇಟ್ಟಿಗೆ ಕಾಣುವುದು ಕಷ್ಟ, ಭೂತಗನ್ನಡಿ ಹಿಡಿಯಿರಿ.

ಈ ಆಲ್ಬಮ್ 1992ರಲ್ಲಿ ಸಿ.ಡಿ.ಯಾಗಿ ಬಂತು, 2014ರಲ್ಲಿ ಶುದ್ಧಗೊಳಿಸಿದ ಆವೃತ್ತಿಯೂ ಬಂತು, ಹುಡುಕಿದರೆ ಸಿಗುತ್ತದೆ. ಕೇಳುವವರಿಗೆ ಹಳೆಯ ಮೇಷ್ಟ್ರ ಸಲಹೆ ಇಷ್ಟು: ಮೊದಲ ಸಲ ಹತ್ತೊಂಬತ್ತನ್ನೂ ಸಾಲಾಗಿ ಕೇಳಬೇಡಿ. ‘ಮೈಕ್ರೋಬ್ಸ್’, ‘ಇನ್ ದಿ ಪಾರ್ಕ್’, ‘ಸ್ಕೀಯಿಂಗ್’ ಹಾಗೂ ‘ಗತ್ ಕಿರವಾನಿ’ ಜೊತೆಯಾಗಿ, ‘ಲವ್ ಸೀನ್’, ‘ಕ್ರೈಯಿಂಗ್’, ಕೊನೆಗೆ ‘ಸಿಂಗಿಂಗ್ ಓಂ’. ಅರ್ಧ ಗಂಟೆಯೂ ಆಗುವುದಿಲ್ಲ. ಕೌಬಾಯಿಗಳನ್ನು ಮುಂದಿನ ಭಾನುವಾರಕ್ಕೆ ಇಟ್ಟುಕೊಳ್ಳಿ. ಮನೆಯಲ್ಲಿ ಸದ್ದಡಗಿದ ಮೇಲೆ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೇಳಿದರೆ ಒಳ್ಳೆಯದು. ಫಿರೋಜ್‌ಶಾ ಮೆಹ್ತಾ ರಸ್ತೆಯ ಟ್ಯಾಕ್ಸಿ ಯಾವ ತುಣುಕಿನಲ್ಲಿ ಕೇಳಿಸಿತೆಂದು ಮೊದಲು ಬರೆದು ತಿಳಿಸಿದವರಿಗೆ ಹತ್ತಕ್ಕೆ ಹತ್ತು ಅಂಕ.